ಹಾಟ್ ಡಾಗ್ ಮೇಲೆ ಏನು ಹಾಕೋದು? ಮಸ್ಟರ್ಡಿನಿಂದ ಕೋಸಂಬರಿವರೆಗೆ ಒಂದು ಹೋಲಿಕೆ

ಮೇ ಕೊನೆಯಲ್ಲಿ ಮೆಮೋರಿಯಲ್ ಡೇ ಬಂತೆಂದರೆ ಅಮೆರಿಕದಲ್ಲಿ ಮನೆಮನೆಯ ಹಿತ್ತಲಲ್ಲೂ ಹಾಟ್ ಡಾಗ್ ಸುಡುವ ಗ್ರಿಲ್ ಹೊಗೆ ಏಳುತ್ತದೆ. ಹಾಟ್ ಡಾಗ್ ಅಂದರೆ ಉದ್ದನೆಯ ಬನ್ ಸೀಳಿ ಒಳಗೆ ಸಾಸೇಜ್ ಇಟ್ಟದ್ದು. ಅದರ ಜೊತೆಗೇ ನಮ್ಮವರ ಪ್ರಶ್ನೆಗಳೂ ಶುರು. ಮಗನ ಬೇಸ್‌ಬಾಲ್ ಟೀಮಿಗೆ ಊಟ ಹಾಕುವ ಸರದಿ ನಮ್ಮದು, ಏನೇನು ತರಲಿ? ಮ್ಯಾನೇಜರ್ ಮನೆಗೆ ಕರೆದಿದ್ದಾರೆ, ಕೆಚಪ್ ಹಾಕಿಕೊಂಡರೆ ನಗುತ್ತಾರಂತೆ, ನಿಜಾನಾ? ಕನ್ನಡ ಕೂಟದ ಪಿಕ್ನಿಕ್ಕಿಗೆ ಬರುವವರಲ್ಲಿ ಸಸ್ಯಾಹಾರಿಗಳೇ ಜಾಸ್ತಿ, ಅವರಿಗೆ ಯಾವ ಸಾಸ್ ಆಗುತ್ತದೆ? ಅಂಗಡಿಗೆ ಹೋದರೆ ಮಸ್ಟರ್ಡ್, ಅಂದರೆ ಸಾಸಿವೆ ಸಾಸ್, ಒಂದರಲ್ಲೇ ಹತ್ತಾರು ಬಗೆ. ಯಾವುದನ್ನು ಎತ್ತಿಕೊಳ್ಳುವುದು, ಯಾವುದನ್ನು ಬಿಡುವುದು ಗೊತ್ತಾಗುವುದಿಲ್ಲ.

ನಾನಿರುವುದು ಶಿಕಾಗೋ ಹತ್ತಿರ. ಇಲ್ಲಿನ ಜನ ಈ ವಿಷಯಕ್ಕೆ ನಿಜಕ್ಕೂ ಜಗಳಕ್ಕೆ ನಿಲ್ಲುತ್ತಾರೆ. ಆದರೆ ಆ ಜಗಳವೆಲ್ಲ ಬೀಫ್ ಸಾಸೇಜನ್ನು ಮನಸ್ಸಲ್ಲಿಟ್ಟುಕೊಂಡು ಆಡುವ ಜಗಳ. ನಮ್ಮಲ್ಲಿ ಒಬ್ಬರು ಚಿಕನ್ ಮಾತ್ರ ತಿನ್ನುತ್ತಾರೆ, ಒಬ್ಬರು ಸೋಯಾ ಸಾಸೇಜ್, ಇನ್ನೊಬ್ಬರು ಈರುಳ್ಳಿಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಟಾಪಿಂಗ್, ಅಂದರೆ ಮೇಲೆ ಹಾಕುವ ಸಾಮಾನು, ಆರಿಸುವ ಮೊದಲು ಬನ್ ಒಳಗೆ ಯಾವ ಸಾಸೇಜ್ ಇದೆ ಅಂತ ನೋಡಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಯಾವುದರ ಮೇಲೆ ಅಳೆಯೋದು?

ಮಾಂಸದ ಸಾಸೇಜ್ ಅಂದರೆ ಉಪ್ಪು, ಕೊಬ್ಬು, ಹೊಗೆಯ ವಾಸನೆ. ಬನ್ ಅಂದರೆ ಒಂಚೂರು ಸಿಹಿ ಇರುವ ಮೆತ್ತನೆಯ ಮೈದಾ. ಎರಡರಲ್ಲೂ ಇಲ್ಲದ್ದು ಹುಳಿ, ಘಾಟು, ಕರುಮುರು. ಇವನ್ನು ತಂದುಕೊಡುವುದೇ ಟಾಪಿಂಗ್ ಕೆಲಸ. ಸೋಯಾ, ಗೋಧಿ ಅಂಟಿನಿಂದ ಮಾಡಿದ ಸಸ್ಯಾಹಾರಿ ಸಾಸೇಜಿನ ಕಥೆ ಬೇರೆ. ಅಲ್ಲಿ ಉಪ್ಪು ಇರುತ್ತದೆ, ಕೊಬ್ಬು ಬಹಳ ಕಡಿಮೆ. ತಿಂದರೆ ಒಣ ಒಣ ಅನ್ನಿಸುತ್ತದೆ. ಅದಕ್ಕೆ ಹುಳಿಯ ಜೊತೆಗೆ ಜಿಡ್ಡೂ ಬೇಕು, ಸ್ವಲ್ಪ ಸಿಹಿಯೂ ನಡೆಯುತ್ತದೆ. ಇದು ಮೊದಲ ಅಳತೆ, ನನ್ನ ಪ್ರಕಾರ ದೊಡ್ಡದೂ ಇದೇ.

ಎರಡನೆಯದು ಬನ್. ನೀರು ಬಿಡುವ ಟಾಪಿಂಗ್ ಹಾಕಿದರೆ ಬನ್ನಿನ ತಳ ನೆನೆದು, ನಾಲ್ಕನೇ ತುತ್ತಿಗೆ ಸಾಸೇಜ್ ಕೆಳಗಿನಿಂದ ಜಾರಿ ಅಂಗಿಯ ಮೇಲೆ ಬೀಳುತ್ತದೆ. ನಿಂತುಕೊಂಡು ತಿನ್ನುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ.

ಮೂರನೆಯದು ಉಪ್ಪು. ಒಂದು ಸಾಮಾನ್ಯ ಬೀಫ್ ಸಾಸೇಜಿನಲ್ಲೇ ಸುಮಾರು 450ರಿಂದ 500 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ. ಅಂದರೆ ಟಾಪಿಂಗ್ ಹಾಕುವ ಮೊದಲೇ ದಿನದ ಕಾಲು ಭಾಗ ಮುಗಿದಿರುತ್ತದೆ. ಬಿಪಿ ಇರುವ ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ಈ ಲೆಕ್ಕ ಮುಖ್ಯ.

ಇನ್ನು ಯಾರು ತಿನ್ನಬಹುದು, ಯಾರು ತಿನ್ನಬಾರದು ಅನ್ನುವುದು. ಮೊಟ್ಟೆ, ಬೆಳ್ಳುಳ್ಳಿ, ವೈನ್, ಬೀಫ್ ಎಲ್ಲೆಲ್ಲಿ ಅಡಗಿರುತ್ತವೆ ಅಂತ ಮುಂದೆ ಆಯಾ ಜಾಗದಲ್ಲೇ ಹೇಳುತ್ತೇನೆ. ದುಡ್ಡು, ಶ್ರಮ ಅಂತೂ ಇದ್ದೇ ಇದೆ. ಒಬ್ಬರೇ ತಿನ್ನುವಾಗ ರುಚಿ ಮೊದಲು, ಮೂವತ್ತು ಜನಕ್ಕೆ ಹಾಕುವಾಗ ಬನ್ನೂ ಬಜೆಟ್ಟೂ ಮೊದಲು.

ಮಸ್ಟರ್ಡ್: ಒಂದೇ ಬಾಟಲಿ ತರುವುದಾದರೆ ಇದೇ

ಅಮೆರಿಕದಲ್ಲಿ ಯಾವ ಊರಿನ ಹಾಟ್ ಡಾಗ್ ತೆಗೆದುಕೊಂಡರೂ ಮಸ್ಟರ್ಡ್ ಬಗ್ಗೆ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ಯಾವ ಮಸ್ಟರ್ಡ್ ಅನ್ನುವುದರಲ್ಲಿ.

ಹಳದಿ ಮಸ್ಟರ್ಡನ್ನು ಜನಪ್ರಿಯ ಮಾಡಿದ್ದು ಫ್ರೆಂಚ್ಸ್ ಕಂಪನಿ. 1904ರ ಸೇಂಟ್ ಲೂಯಿಸ್ ವಿಶ್ವ ಮೇಳದ ಹೊತ್ತಿಗೆ ಇದು ಮಾರುಕಟ್ಟೆಗೆ ಬಂತು. ಆ ಕಣ್ಣು ಕುಕ್ಕುವ ಬಣ್ಣ ಕೊಡುವುದು ನಮ್ಮ ಅರಿಶಿನ. ಬಾಟಲಿ ತಿರುಗಿಸಿ ನೋಡಿ, ಪಟ್ಟಿಯಲ್ಲಿ ಇರುತ್ತದೆ. ಇದಕ್ಕೆ ಬಳಸುವುದು ಬಿಳಿ ಸಾಸಿವೆ, ಅದರ ಘಾಟು ಕಡಿಮೆ. ನಾವು ಒಗ್ಗರಣೆಗೆ ಹಾಕುವ ಕಂದು ಸಾಸಿವೆಯಿಂದ ಆಗುವುದು ಸ್ಪೈಸಿ ಬ್ರೌನ್ ಮತ್ತು ಡಿಜಾನ್. ಮೂಗಿಗೆ ಹೊಡೆಯುವುದು ಇವೆರಡೇ.

ಸಾಸಿವೆ ಕಾಳನ್ನು ಹಾಗೇ ಬಾಯಿಗೆ ಹಾಕಿಕೊಂಡರೆ ಘಾಟೇ ಇರುವುದಿಲ್ಲ. ಅರೆದು ನೀರು ತಾಗಿಸಿದಾಗ ಒಳಗಿನ ಕಿಣ್ವ ಕೆಲಸ ಶುರು ಮಾಡುತ್ತದೆ, ಘಾಟು ಆಗ ಹುಟ್ಟುತ್ತದೆ. ವಿನೆಗರ್ ಸೇರಿಸಿದರೆ ಅದು ಹದಕ್ಕೆ ನಿಲ್ಲುತ್ತದೆ. ಹಸಿ ಸಾಸಿವೆ ಅರೆದು ಸಾಸ್ಮೆ ಮಾಡುವ ಮಲೆನಾಡು, ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಅವರಿಗೆ ಹಳದಿ ಮಸ್ಟರ್ಡ್ ಸಪ್ಪೆ ಅನ್ನಿಸುವುದೂ ಸಹಜ. ಸೀದಾ ಸ್ಪೈಸಿ ಬ್ರೌನ್ ತೆಗೆದುಕೊಳ್ಳಿ.

ಯಾವಾಗ ಯಾವುದು? ಮೇಲೆ ಬೇರೆ ನಾಲ್ಕಾರು ಸಾಮಾನು ಬೀಳುವುದಿದ್ದರೆ ಹಳದಿಯದು, ಅದು ಸುಮ್ನೆ ಹಿನ್ನೆಲೆಯಲ್ಲಿ ಹುಳಿ ಕೊಡುತ್ತದೆ. ಮಸ್ಟರ್ಡ್ ಜೊತೆಗೆ ಬರೀ ಸಾವರ್‌ಕ್ರಾಟ್ (ಹುಳಿ ಬರಿಸಿದ ಎಲೆಕೋಸು) ಅಥವಾ ಈರುಳ್ಳಿ ಇದ್ದರೆ ಸ್ಪೈಸಿ ಬ್ರೌನ್. ಡಿಜಾನ್ ನನಗೆ ಹಾಟ್ ಡಾಗಿಗೆ ಸ್ವಲ್ಪ ದುಬಾರಿ ಶೋಕಿ ಅನ್ನಿಸುತ್ತದೆ. ಅದರಲ್ಲಿ ಅನೇಕ ಕಂಪನಿಗಳು ಬಿಳಿ ವೈನ್ ಹಾಕುತ್ತವೆ, ಮದ್ಯ ಬೇಡ ಅನ್ನುವವರು ನೋಡಿಕೊಳ್ಳಿ. ಹನಿ ಮಸ್ಟರ್ಡ್ ಮಕ್ಕಳಿಗೆ ಇಷ್ಟ, ಚಿಕನ್ ಸಾಸೇಜಿಗೂ ಹೊಂದುತ್ತದೆ, ಬೀಫಿಗೆ ಬೇಡ.

ಉಪ್ಪಿನ ಲೆಕ್ಕದಲ್ಲೂ ಮಸ್ಟರ್ಡೇ ಮುಂದೆ. ಒಂದು ಟೀ ಚಮಚ ಹಳದಿ ಮಸ್ಟರ್ಡಿನಲ್ಲಿ ಸೋಡಿಯಂ ಸುಮಾರು 55 ಮಿಲಿಗ್ರಾಂ, ಕ್ಯಾಲರಿ ಇಲ್ಲವೆನ್ನುವಷ್ಟು. ಒಂದು ಎಚ್ಚರಿಕೆ ಮಾತ್ರ: ಫ್ರೆಂಚ್ಸ್ ಹಳದಿ ಮಸ್ಟರ್ಡಿನ ಪಟ್ಟಿಯಲ್ಲಿ ಬೆಳ್ಳುಳ್ಳಿ ಪುಡಿ ಇದೆ. ಬೆಳ್ಳುಳ್ಳಿ ತಿನ್ನದವರು ಪಟ್ಟಿ ಓದಿ, ಸಾಸಿವೆ, ವಿನೆಗರ್, ಉಪ್ಪು, ಅರಿಶಿನ ಇಷ್ಟೇ ಇರುವಂಥದ್ದನ್ನು ಹುಡುಕಬೇಕು.

ಕೆಚಪ್: ನಗುವವರು ನಗಲಿ

ನ್ಯಾಷನಲ್ ಹಾಟ್ ಡಾಗ್ ಅಂಡ್ ಸಾಸೇಜ್ ಕೌನ್ಸಿಲ್ ಅಂತ ಒಂದು ಸಂಸ್ಥೆಯೇ ಇದೆ. ಮಾಂಸ ಉದ್ಯಮದವರದ್ದು. ಹಾಟ್ ಡಾಗ್ ತಿನ್ನುವ ಶಿಷ್ಟಾಚಾರವನ್ನು ಅವರು ಪಟ್ಟಿ ಮಾಡಿದ್ದಾರೆ. 18 ವರ್ಷ ದಾಟಿದವರು ಕೆಚಪ್ ಹಾಕಿಕೊಳ್ಳಬಾರದು ಅನ್ನುವುದು ಅದರಲ್ಲಿ ಒಂದು. ಶಿಕಾಗೋದವರು ಇನ್ನೂ ಕಟ್ಟುನಿಟ್ಟು. ಒಬಾಮಾ ಅಂತೂ ಎಂಟು ವರ್ಷದ ಮೇಲೆ ಕೆಚಪ್ ಒಪ್ಪಲಾಗದು ಅಂದುಬಿಟ್ಟಿದ್ದರು. 2017ರಲ್ಲಿ ಹೈಂಜ್ ಕಂಪನಿ ತನ್ನ ಕೆಚಪ್ಪನ್ನೇ ‘ಶಿಕಾಗೋ ಡಾಗ್ ಸಾಸ್’ ಅನ್ನುವ ಹೊಸ ಹೆಸರಿನ ಬಾಟಲಿಗೆ ತುಂಬಿ ಇಲ್ಲಿನವರಿಗೆ ತಿನ್ನಿಸಿ ತಮಾಷೆ ನೋಡಿತು.

ಈ ಹಟಕ್ಕೆ ಒಂದು ಕಾರಣವಂತೂ ಇದೆ. ಒಂದು ದೊಡ್ಡ ಚಮಚ ಕೆಚಪ್ಪಿನಲ್ಲಿ ಸುಮಾರು 4 ಗ್ರಾಂ ಸಕ್ಕರೆ, ಅಂದರೆ ಒಂದು ಟೀ ಚಮಚ. ಒಳ್ಳೆಯ ಬೀಫ್ ಸಾಸೇಜಿನಲ್ಲಿ ಬೆಳ್ಳುಳ್ಳಿ, ಕೆಂಪುಮೆಣಸಿನ ಪುಡಿ, ಹೊಗೆ ಎಲ್ಲ ಇರುತ್ತದೆ. ಸಿಹಿ ಜಾಸ್ತಿಯಾದರೆ ಅದೆಲ್ಲ ಮುಚ್ಚಿಹೋಗುತ್ತದೆ. ಶಿಕಾಗೋ ಶೈಲಿಯಲ್ಲಿ ಟೊಮೆಟೋನೂ ಇದೆ, ಸಿಹಿ ರೆಲಿಶೂ (ಸಣ್ಣಗೆ ಹೆಚ್ಚಿದ ಸೌತೆಕಾಯಿಯ ಸಿಹಿ ಉಪ್ಪಿನಕಾಯಿ) ಇದೆ. ಅದರ ಮೇಲೆ ಮತ್ತೆ ಕೆಚಪ್ ಯಾಕೆ? ಇಲ್ಲಿಯವರೆಗೆ ನಾನೂ ಒಪ್ಪುತ್ತೇನೆ.

ಮುಂದಿನದನ್ನು ಒಪ್ಪುವುದಿಲ್ಲ. ನ್ಯೂಯಾರ್ಕಿನ ಗಾಡಿಗಳಲ್ಲಿ ಹಾಕುವ ಕೆಂಪು ಈರುಳ್ಳಿ ಸಾಸ್ ಟೊಮೆಟೋದ್ದೇ, ಅದರಲ್ಲೂ ಸಿಹಿ ಇದೆ. ಅದನ್ನು ಯಾರೂ ಬೈಯುವುದಿಲ್ಲ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ 1937ರಿಂದ ನಡೆಯುತ್ತಿರುವ ಹೆಸರಾಂತ ಹಾಟ್ ಡಾಗ್ ಗೂಡಂಗಡಿಯಲ್ಲಿ ‘ಎಲ್ಲಾ ಹಾಕಿ’ ಅಂದರೆ ಕೆಚಪ್, ಸಿಹಿ ಮಸ್ಟರ್ಡ್, ರೆಮುಲಾಡ್ (ಮೇಯೊನೀಸಿನಿಂದ ಮಾಡುವ ಸಾಸ್), ಹಸಿ ಈರುಳ್ಳಿ, ಕರಿದ ಈರುಳ್ಳಿ ಎಲ್ಲ ಬೀಳುತ್ತದೆ. ಅಲ್ಲಿ ದೊಡ್ಡವರೇ ಸಾಲಾಗಿ ನಿಂತು ತಿನ್ನುತ್ತಾರೆ. ಇದೇ ಅಂಗಡಿಗೆ 2004ರಲ್ಲಿ ಬಿಲ್ ಕ್ಲಿಂಟನ್ ಹೋಗಿ ಬರೀ ಮಸ್ಟರ್ಡ್ ಹಾಕಿಸಿಕೊಂಡಿದ್ದರು, ಅಮೆರಿಕದವರ ಅಭ್ಯಾಸ ಎಲ್ಲಿ ಹೋದರೂ ಬಿಡದು ನೋಡಿ.

ಸಸ್ಯಾಹಾರಿ ಸಾಸೇಜಿನ ಮೇಲೆ ಕೆಚಪ್ ಚೆನ್ನಾಗಿಯೇ ಇರುತ್ತದೆ. ಸೋಯಾದ ಹಸಿ ವಾಸನೆಯನ್ನು ಅದರ ಸಿಹಿ ಹುಳಿ ಮರೆಸುತ್ತದೆ. ಸಾಧಾರಣ ಚಿಕನ್ ಸಾಸೇಜಿಗೂ ಹಾಗೇ. ಬರೀ ಸಿಹಿ ಬೇಡ ಅಂದರೆ ಇಂಡಿಯನ್ ಅಂಗಡಿಯಲ್ಲಿ ಸಿಗುವ ಮ್ಯಾಗಿ ಹಾಟ್ ಅಂಡ್ ಸ್ವೀಟ್ ತನ್ನಿ, ಅಥವಾ ಕೆಚಪ್ಪಿಗೆ ಅರ್ಧದಷ್ಟು ಮಸ್ಟರ್ಡ್ ಕಲಸಿ. ಮಕ್ಕಳಿಗೆ ಯೋಚನೆ ಬೇಡ, ಕೆಚಪ್ಪೇ. ಹೈಂಜ್ ಕೆಚಪ್ಪಿನಲ್ಲಿ ಈರುಳ್ಳಿ ಪುಡಿ ಇದೆ ಅನ್ನುವುದು ಮಾತ್ರ ಈರುಳ್ಳಿ ಬಿಟ್ಟವರಿಗೆ ಗೊತ್ತಿರಲಿ. ಅಮೆರಿಕದ ಕೆಚಪ್‌ಗಳಲ್ಲಿ ಇದು ಸಾಮಾನ್ಯ.

ಈರುಳ್ಳಿ

ಹಸಿಯಾಗಿ ಸಣ್ಣಗೆ ಹೆಚ್ಚಿ ಹಾಕುವುದು ಅಗ್ಗ, ಸುಲಭ, ಉಪ್ಪಿಲ್ಲ, ಬನ್ನಿಗೆ ತೊಂದರೆ ಇಲ್ಲ. ಖಾರ ಜಾಸ್ತಿ ಅನ್ನಿಸಿದರೆ ಹೆಚ್ಚಿದ್ದನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ ಹಾಕಿ. ಗ್ರಿಲ್ ಮೇಲೆ ಹುರಿದ ಈರುಳ್ಳಿಗೆ ಸಮಯ ಬೇಕು. ಸಿಯಾಟಲ್‌ನಲ್ಲಿ ಅದನ್ನು ಕ್ರೀಮ್ ಚೀಸ್ ಜೊತೆ ಹಾಕುತ್ತಾರೆ. ಕೇಳಲು ವಿಚಿತ್ರ, ಸಸ್ಯಾಹಾರಿ ಸಾಸೇಜಿಗೆ ಬಹಳ ಒಳ್ಳೆಯ ಜೋಡಿ. ಡಬ್ಬಿಯಲ್ಲಿ ಸಿಗುವ ಕರಿದ ಈರುಳ್ಳಿ ಒಣಗಿರುವುದರಿಂದ ಬನ್ ನೆನೆಯುವ ಭಯವೇ ಇಲ್ಲ. ಕರುಮುರು ಬೇಕು, ಕೆಲಸ ಬೇಡ ಅನ್ನುವವರು ಇದನ್ನೇ ತನ್ನಿ.

ಸಾವರ್‌ಕ್ರಾಟ್: ಹುಳಿ ಎಲೆಕೋಸು

ನ್ಯೂಯಾರ್ಕ್ ಶೈಲಿ ಅಂದರೆ ಸ್ಪೈಸಿ ಬ್ರೌನ್ ಮಸ್ಟರ್ಡ್ ಮತ್ತು ಸಾವರ್‌ಕ್ರಾಟ್, ಬೇಕಿದ್ದರೆ ಆ ಕೆಂಪು ಈರುಳ್ಳಿ. 1867ರ ಹೊತ್ತಿಗೆ ನ್ಯೂಯಾರ್ಕಿನ ಕಡಲತೀರವಾದ ಕೋನಿ ಐಲ್ಯಾಂಡಿನಲ್ಲಿ ಗಾಡಿ ಇಟ್ಟು ಸಾಸೇಜ್ ಮಾರಿದ ಚಾರ್ಲ್ಸ್ ಫೆಲ್ಟ್‌ಮನ್ ಜರ್ಮನಿಯಿಂದ ಬಂದವರು. ಅಲ್ಲಿನವರು ಸಾಸೇಜಿನ ಜೊತೆ ತಿನ್ನುತ್ತಿದ್ದ ಎಲೆಕೋಸೂ ಹೀಗೆ ವಲಸೆಗಾರರ ಜೊತೆಗೇ ಅಮೆರಿಕಕ್ಕೆ ಬಂತು. 1916ರಲ್ಲಿ ನೇಥನ್ ಹ್ಯಾಂಡ್‌ವರ್ಕರ್ ಅದೇ ಕೋನಿ ಐಲ್ಯಾಂಡಿನಲ್ಲಿ ಅಂಗಡಿ ತೆರೆದು, ಫೆಲ್ಟ್‌ಮನ್ ಅಂಗಡಿಯ ಹತ್ತು ಸೆಂಟಿನ ಹಾಟ್ ಡಾಗನ್ನು ಐದು ಸೆಂಟಿಗೆ ಮಾರಿದರು. ಜುಲೈ 4ರಂದು ಯಾರು ಹೆಚ್ಚು ಹಾಟ್ ಡಾಗ್ ತಿನ್ನುತ್ತಾರೆ ಅನ್ನುವ ಸ್ಪರ್ಧೆ ನಡೆಯುವುದು ಅವರ ಹೆಸರಿನ ಅಂಗಡಿಯ ಮುಂದೆಯೇ.

ಬೀಫ್, ಪೋರ್ಕ್ ತಿನ್ನುವವರಿಗೆ ನನ್ನ ಮೊದಲ ಆಯ್ಕೆ ಇದೇ. ಹುಳಿ ಇದೆ, ಹಲ್ಲಿಗೆ ಸಿಗುವ ಗಟ್ಟಿತನ ಇದೆ, ಸಕ್ಕರೆ ಇಲ್ಲ. ಎಲೆಕೋಸು ಮತ್ತು ಉಪ್ಪು ಎರಡೇ ಸಾಮಾನು, ಹಾಗಾಗಿ ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೂ ಆಗುತ್ತದೆ. ಹೋಟೆಲಿನಲ್ಲಿ ಬೇಯಿಸಿ ಕೊಡುವ ಕ್ರಾಟ್‌ನಲ್ಲಿ ಮಾತ್ರ ಬೇಕನ್ (ಉಪ್ಪು ಹಾಕಿದ ಹಂದಿ ಮಾಂಸ) ಇರಬಹುದು, ಕೇಳಿಕೊಂಡೇ ಹಾಕಿಸಿಕೊಳ್ಳಿ.

ತೊಂದರೆ ಇರುವುದು ಉಪ್ಪಿನಲ್ಲಿ ಮತ್ತು ನೀರಿನಲ್ಲಿ. ಡಬ್ಬಿಯಿಂದ ಫೋರ್ಕಿನಲ್ಲಿ ಎತ್ತಿ ಸೀದಾ ಹಾಕಿದರೆ ಬನ್ ಕಥೆ ಮುಗಿಯಿತು. ಹೀಗೆ ಮಾಡಿ: ಬೇಕಾದಷ್ಟನ್ನು ಮುಷ್ಟಿಯಲ್ಲಿ ಹಿಡಿದು ಸಿಂಕಿನ ಮೇಲೆ ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ರಸ ಇಳಿಯುವುದು ನಿಲ್ಲಬೇಕು. ಆಮೇಲೆ ಒಣ ಬಾಣಲೆಯಲ್ಲಿ ಎರಡು ನಿಮಿಷ ಕೈಯಾಡಿಸಿ. ಎಳೆಗಳು ಬಿಡಿಬಿಡಿಯಾಗಿ, ತುದಿ ಸ್ವಲ್ಪ ಕಂದು ತಿರುಗಿದರೆ ಸಾಕು. ರಸದ ಜೊತೆ ಒಂದಷ್ಟು ಉಪ್ಪೂ ಹೋಗುತ್ತದೆ.

ಡಬ್ಬಿಯದು ಅಗ್ಗ, ಫ್ರಿಜ್ಜಿನಲ್ಲಿಟ್ಟು ಮಾರುವುದು ದುಬಾರಿ. ಹೇಗೂ ಬಿಸಿ ಮಾಡುವುದಾದರೆ ಜೀವಂತ ಬ್ಯಾಕ್ಟೀರಿಯಾಕ್ಕೆ ದುಡ್ಡು ಕೊಟ್ಟು ಪ್ರಯೋಜನವಿಲ್ಲ, ಡಬ್ಬಿಯದೇ ತನ್ನಿ. ಮನೆಯಲ್ಲಿ ಮಾಡಿಕೊಳ್ಳುವುದಾದರೆ ಒಂದು ಕಿಲೋ ಎಲೆಕೋಸಿಗೆ 20 ಗ್ರಾಂ ಉಪ್ಪು. ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ ಕೈಯಲ್ಲಿ ಹಿಸುಕಿ, ಬಂದ ನೀರಿನಲ್ಲೇ ಮುಳುಗುವಂತೆ ಜಾಡಿಗೆ ಒತ್ತಿ ಎರಡು ಮೂರು ವಾರ ಬಿಡಿ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾವೇ ಇಲ್ಲೂ ಹುಳಿ ಶುರು ಮಾಡುವುದು. ಹಿಟ್ಟು ಉಬ್ಬದ ಚಳಿಗಾಲದಲ್ಲಿ ಕ್ರಾಟ್ ಕೂಡ ನಿಧಾನವೇ.

ಶಿಕಾಗೋ ಡಾಗ್: ಇಡೀ ತೋಟ

1893ರ ಶಿಕಾಗೋ ವಿಶ್ವ ಮೇಳದಲ್ಲಿ ಆಸ್ಟ್ರಿಯಾ-ಹಂಗರಿಯಿಂದ ಬಂದ ಇಬ್ಬರು ಸಾಸೇಜ್ ಮಾರಿದರು, ವಿಯೆನ್ನಾ ಬೀಫ್ ಕಂಪನಿ ಅಲ್ಲಿಂದ ಬೆಳೆಯಿತು. ಆದರೆ ಮೇಲೆ ಇಷ್ಟೊಂದು ತರಕಾರಿ ಬಂದದ್ದು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಐದು ಸೆಂಟಿನ ಹಾಟ್ ಡಾಗಿನಲ್ಲಿ ಹೊಟ್ಟೆ ತುಂಬಬೇಕಲ್ವಾ, ಅದಕ್ಕೆ.

ಗಸಗಸೆ ಉದುರಿಸಿದ ಬನ್ನನ್ನು ಹಬೆಯಲ್ಲಿ ಬಿಸಿ ಮಾಡಿ, ಬೀಫ್ ಸಾಸೇಜ್ ಇಟ್ಟು, ಅದರ ಮೇಲೆ ಹಳದಿ ಮಸ್ಟರ್ಡ್ ಎಳೆ. ಆಮೇಲೆ ಕಣ್ಣಿಗೆ ಹೊಡೆಯುವ ಹಸಿರು ಬಣ್ಣದ ಸಿಹಿ ರೆಲಿಶ್, ಹೆಚ್ಚಿದ ಈರುಳ್ಳಿ. ಒಂದು ಪಕ್ಕ ಟೊಮೆಟೋ ಹೋಳು, ಇನ್ನೊಂದು ಪಕ್ಕ ಉದ್ದಕ್ಕೆ ಸೀಳಿದ ಡಿಲ್ ಪಿಕಲ್, ಅಂದರೆ ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿ. ಮೇಲೆ ವಿನೆಗರಿನಲ್ಲಿ ನೆನೆದ ಪುಟ್ಟ ಸ್ಪೋರ್ಟ್ ಮೆಣಸಿನಕಾಯಿ ಎರಡು. ಕೊನೆಗೆ ಚಿಟಿಕೆ ಸೆಲರಿ ಉಪ್ಪು, ಅಂದರೆ ಸೆಲರಿ ಬೀಜದ ಪುಡಿ ಬೆರೆಸಿದ ಉಪ್ಪು.

ರುಚಿಯಲ್ಲಿ ಇದಕ್ಕೆ ಸಾಟಿ ಇಲ್ಲ. ಹುಳಿ, ಖಾರ, ಸಿಹಿ, ಕರುಮುರು ಎಲ್ಲ ಒಂದೇ ತುತ್ತಿನಲ್ಲಿ ಸಿಗುತ್ತದೆ. ಉಪ್ಪು ಮಾತ್ರ ಕೇಳಬೇಡಿ. ಪಿಕಲ್, ಮೆಣಸಿನಕಾಯಿ, ರೆಲಿಶ್, ಮಸ್ಟರ್ಡ್, ಸೆಲರಿ ಉಪ್ಪು, ಐದರಲ್ಲೂ ಉಪ್ಪೇ. ಏಳು ಸಾಮಾನು ತರಬೇಕು, ಅರ್ಧ ಬಾಟಲಿಗಳು ಫ್ರಿಜ್ಜಿನಲ್ಲಿ ಉಳಿಯುತ್ತವೆ. ಇಬ್ಬರ ಮನೆಗೆ ಇದು ದಂಡ. ಶಿಕಾಗೋಗೆ ಬಂದಾಗ ಅಂಗಡಿಯಲ್ಲಿ ತಿನ್ನಿ. ಮನೆಗೆ ಹತ್ತು ಹನ್ನೆರಡು ಜನ ಬರುವುದಿದ್ದರೆ ಮೇಜಿನ ಮೇಲೆ ಬಟ್ಟಲುಗಳಲ್ಲಿ ಜೋಡಿಸಿಡಿ, ಅವರವರೇ ಕಟ್ಟಿಕೊಳ್ಳುತ್ತಾರೆ. ಸ್ಪೋರ್ಟ್ ಮೆಣಸಿನಕಾಯಿ ಸಿಗದಿದ್ದರೆ ಬಾಟಲಿಯಲ್ಲಿ ಸಿಗುವ ಹಲಪೀನೋ ಮೆಣಸಿನಕಾಯಿ ನಡೆಯುತ್ತದೆ.

ಬೀಫ್ ಬಿಟ್ಟು ಸೋಯಾ ಸಾಸೇಜ್ ಇಟ್ಟರೆ ಈ ಪಟ್ಟಿಯೆಲ್ಲ ಸಸ್ಯಾಹಾರವೇ ಅನ್ನುವುದು ನಮ್ಮವರಿಗೆ ದೊಡ್ಡ ಅನುಕೂಲ. ಶಿಕಾಗೋದ್ದೇ ಇನ್ನೊಂದು ಸಾಮಾನು ಜಾರ್ಡಿನೇರಾ: ಹೂಕೋಸು, ಕ್ಯಾರೆಟ್, ಸೆಲರಿ, ಹಸಿಮೆಣಸು ಎಣ್ಣೆಯಲ್ಲಿ ಮುಳುಗಿರುತ್ತದೆ. ಕೊಬ್ಬಿಲ್ಲದ ಸಸ್ಯಾಹಾರಿ ಸಾಸೇಜಿಗೆ ಆ ಖಾರದ ಎಣ್ಣೆ ಹೇಳಿ ಮಾಡಿಸಿದಂತಿದೆ. ಏಳು ಸಾಮಾನು ಬೇಡ ಅನ್ನುವ ಸಸ್ಯಾಹಾರಿಗಳು ಈ ಒಂದು ಬಾಟಲಿ ತಂದರೆ ಸಾಕು.

ಚಿಲ್ಲಿ, ಚೀಸ್: ಹೊಟ್ಟೆ ತುಂಬಬೇಕಾದವರಿಗೆ

ಡೆಟ್ರಾಯಿಟ್‌ನಲ್ಲಿ ಹಾಟ್ ಡಾಗ್ ಅಂದರೆ ಕೋನಿ. ಬೀನ್ಸ್ ಇಲ್ಲದ ಮಾಂಸದ ಚಿಲ್ಲಿ (ಮೆಣಸಿನಕಾಯಿ ಅಲ್ಲ, ಕೈಮಾ ಹಾಕಿ ಕುದಿಸಿದ ಗಟ್ಟಿ ಖಾರದ ಗೊಜ್ಜು), ಹಳದಿ ಮಸ್ಟರ್ಡ್, ಈರುಳ್ಳಿ. ಇದನ್ನು ಬೆಳೆಸಿದವರು ಗ್ರೀಕ್ ವಲಸಿಗರು. ಅಮೆರಿಕನ್ ಕೋನಿ ಐಲ್ಯಾಂಡ್, ಲಫಾಯೆಟ್ ಕೋನಿ ಐಲ್ಯಾಂಡ್ ಅನ್ನುವ ಎರಡು ಅಂಗಡಿಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಎರಡೂ ಒಂದೇ ಮನೆತನದಿಂದ ಶುರುವಾದವು, ಯಾವುದು ಒಳ್ಳೆಯದು ಅಂತ ಊರೇ ಎರಡು ಪಕ್ಷ. ಸಿನ್ಸಿನಾಟಿಯಲ್ಲಿ ಚಿಲ್ಲಿಗೆ ದಾಲ್ಚಿನ್ನಿಯಂಥ ಮಸಾಲೆ ಬೀಳುತ್ತದೆ. ಮೇಲೆ ತುರಿದ ಚೆಡರ್ ಚೀಸ್ ಎಷ್ಟು ಹಾಕುತ್ತಾರೆಂದರೆ ಕೆಳಗೆ ಸಾಸೇಜ್ ಇದೆಯೋ ಇಲ್ಲವೋ ಹುಡುಕಬೇಕು.

ಕಡಿಮೆ ದುಡ್ಡಿನಲ್ಲಿ ಊಟ ಆಗಬೇಕಾದರೆ ಇದು ಒಳ್ಳೆಯದು. ನಿಂತು ತಿನ್ನಲು ಆಗದು, ತಟ್ಟೆ ಫೋರ್ಕ್ ಬೇಕು. ಬೀಫ್ ತಿನ್ನದವರು ಇಲ್ಲಿ ಹುಷಾರಾಗಿರಬೇಕು. ಸಾಸೇಜ್ ಚಿಕನ್ನಿನದೇ ಆಗಿದ್ದರೂ ಮೇಲಿನ ಚಿಲ್ಲಿ ಸಾಮಾನ್ಯವಾಗಿ ಬೀಫಿನದು. ಹಾಗೇ, ಚಿಕನ್ ಸಾಸೇಜ್ ಅಂತ ದೊಡ್ಡದಾಗಿ ಬರೆದಿದ್ದರೂ ಹೊರಗಿನ ಪೊರೆ ಹಂದಿಯದ್ದಿರಬಹುದು, ಸಣ್ಣ ಅಕ್ಷರ ಓದಿ. ಸಗಟು ಅಂಗಡಿ ಕಾಸ್ಟ್‌ಕೋದಲ್ಲಿ 1980ರ ದಶಕದಿಂದಲೂ ಒಂದೂವರೆ ಡಾಲರಿಗೇ ಸೋಡಾ ಜೊತೆ ಸಿಗುವ ಪ್ರಸಿದ್ಧ ಹಾಟ್ ಡಾಗ್ ಕೂಡ ಬೀಫೇ. ಸಸ್ಯಾಹಾರಿಗಳಿಗೆ ಡಬ್ಬಿಯಲ್ಲಿ ಬೀನ್ಸ್ ಚಿಲ್ಲಿ ಸಿಗುತ್ತದೆ. ನೀರು ಇಂಗುವವರೆಗೆ ಕುದಿಸಿ, ಗಟ್ಟಿಯಾದ ಮೇಲೆ ಹಾಕಿ.

ಬಿಳಿ ಗುಂಪು: ಮೇಯೊನೀಸ್, ಕೋಲ್‌ಸ್ಲಾ, ಆವಕಾಡೊ

ದಕ್ಷಿಣದ ರಾಜ್ಯಗಳಲ್ಲಿ, ವೆಸ್ಟ್ ವರ್ಜೀನಿಯಾದಲ್ಲಿ ಮೇಯೊನೀಸ್ ಕಲಸಿದ ಎಲೆಕೋಸಿನ ತುರಿ, ಅಂದರೆ ಕೋಲ್‌ಸ್ಲಾ ಹಾಕುತ್ತಾರೆ. ಮೆಕ್ಸಿಕೋದ ಸೊನೋರಾದಿಂದ ಅರಿಜೋನಾದ ಟೂಸಾನ್‌ವರೆಗೆ ಹಬ್ಬಿರುವ ಸೊನೋರನ್ ಹಾಟ್ ಡಾಗಿನಲ್ಲಿ ಸಾಸೇಜಿಗೆ ಬೇಕನ್ ಸುತ್ತಿ, ಮೇಲೆ ಪಿಂಟೊ ಬೀನ್ಸ್, ಟೊಮೆಟೋ, ಈರುಳ್ಳಿ, ಹಲಪೀನೋ ಸಾಲ್ಸಾ, ಮೇಯೊನೀಸ್. ಟೂಸಾನಿನ ‘ಎಲ್ ಗ್ವೆರೊ ಕನೆಲೊ’ ಅಂಗಡಿಗೆ 2018ರಲ್ಲಿ ಅಡುಗೆ ಲೋಕದ ಹೆಸರಾಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಆವಕಾಡೊ, ಟೊಮೆಟೋ, ಮೇಯೊನೀಸ್ ಮೂರನ್ನೂ ಹಾಕಿ ‘ಇಟಾಲಿಯಾನೊ’ ಅನ್ನುತ್ತಾರೆ, ಇಟಲಿ ಬಾವುಟದ ಮೂರು ಬಣ್ಣ ಅಂತ.

ಕೊಬ್ಬಿನ ಬೀಫ್ ಮೇಲೆ ಮತ್ತೆ ಮೇಯೊನೀಸ್ ನನಗೆ ಅತಿ ಅನ್ನಿಸುತ್ತದೆ. ಒಂದು ದೊಡ್ಡ ಚಮಚಕ್ಕೆ 90ರಿಂದ 100 ಕ್ಯಾಲರಿ, ಬಹುಪಾಲು ಎಣ್ಣೆ. ಆದರೆ ಸಸ್ಯಾಹಾರಿ ಸಾಸೇಜಿಗೆ ಕೊರತೆ ಇದ್ದದ್ದೇ ಜಿಡ್ಡು. ಅಲ್ಲಿ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಚಿಲಿಯವರ ಆವಕಾಡೊ-ಟೊಮೆಟೋಗೆ ನಿಂಬೆ ಹಿಂಡಿ ಸೋಯಾ ಸಾಸೇಜ್ ಮೇಲೆ ಹಾಕಿ ನೋಡಿ. ಮೇಯೊನೀಸ್‌ನಲ್ಲಿ ಮೊಟ್ಟೆ ಇರುತ್ತದೆ, ಅಂಗಡಿ ಕೋಲ್‌ಸ್ಲಾದಲ್ಲೂ ಅದೇ ಮೇಯೊನೀಸ್. ಮೊಟ್ಟೆ ತಿನ್ನದವರಿಗೆ ವೀಗನ್ ಮೇಯೊ ಸಿಗುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ಕೆಲವು ಸಸ್ಯಾಹಾರಿ ಸಾಸೇಜ್‌ಗಳಲ್ಲೇ ಮೊಟ್ಟೆಯ ಬಿಳಿ ಇರುತ್ತದೆ, ವೀಗನ್ ಅಂತ ಬರೆದದ್ದನ್ನು ತಂದರೆ ಆ ಚಿಂತೆ ಇಲ್ಲ.

ನಮ್ಮ ಅಡುಗೆಮನೆಯಿಂದ

ಉಪ್ಪಿನಕಾಯಿಯನ್ನು ಸೀದಾ ಹಾಕಬೇಡಿ. ಉಪ್ಪಿನ ಮೇಲೆ ಉಪ್ಪು ಆಗುತ್ತದೆ. ಎರಡು ಚಮಚ ಮೇಯೊನೀಸ್ ಅಥವಾ ಗಟ್ಟಿ ಮೊಸರಿಗೆ ಅರ್ಧ ಚಮಚ ಮಾವಿನಕಾಯಿ ಉಪ್ಪಿನಕಾಯಿಯ ರಸ ಕಲಸಿದರೆ ಒಳ್ಳೆಯ ಸಾಸ್. ಪುದೀನ-ಕೊತ್ತಂಬರಿ ಚಟ್ನಿ ಚಿಕನ್ ಸಾಸೇಜಿಗೆ ಚೆನ್ನ, ನೀರು ಹಾಕದೆ ರುಬ್ಬಿರಬೇಕು. ಹೆಸರುಬೇಳೆ ಕೋಸಂಬರಿ ಸಸ್ಯಾಹಾರಿ ಸಾಸೇಜ್ ಮೇಲೆ ಶಿಕಾಗೋ ತೋಟಕ್ಕೆ ಸರಿಸಮ. ಸೌತೆಕಾಯಿಯನ್ನು ಹಿಂಡಿ, ಬಡಿಸುವ ಹೊತ್ತಿಗೆ ಉಪ್ಪು ಹಾಕಿ, ಇಲ್ಲದಿದ್ದರೆ ನೀರು ಬಿಡುತ್ತದೆ. ಬಾಳಕದ ಮೆಣಸಿನಕಾಯಿ ಕರಿದು ಪುಡಿ ಮಾಡಿ ಉದುರಿಸುವುದು ನನ್ನ ಸ್ವಂತ ಚಟ. ಅರ್ಧ ಮೆಣಸಿನಕಾಯಿಗಿಂತ ಜಾಸ್ತಿ ಬೇಡ.

ಹಾಗಾದರೆ ನಿಮಗೆ ಯಾವುದು?

ಬೀಫ್ ಅಥವಾ ಪೋರ್ಕ್ ತಿನ್ನುವವರು, ಒಬ್ಬರೋ ಇಬ್ಬರೋ ಇದ್ದರೆ ಸ್ಪೈಸಿ ಬ್ರೌನ್ ಮತ್ತು ಹಿಂಡಿದ ಸಾವರ್‌ಕ್ರಾಟ್. ಎರಡೇ ಸಾಮಾನು, ಅಗ್ಗ, ಹಾಳಾಗುವುದೂ ಬೇಗ ಇಲ್ಲ. ಸಸ್ಯಾಹಾರಿಗಳಾದರೆ ಜಾರ್ಡಿನೇರಾ, ಅಥವಾ ಕ್ರೀಮ್ ಚೀಸ್ ಮತ್ತು ಹುರಿದ ಈರುಳ್ಳಿ. ಬಿಪಿ ಇದ್ದವರಿಗೆ ಒಂದು ಎಳೆ ಹಳದಿ ಮಸ್ಟರ್ಡ್, ಕೈತುಂಬ ಹಸಿ ಈರುಳ್ಳಿ ಟೊಮೆಟೋ, ಪಿಕಲ್ ಬೇಡ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಮೊದಲು ಸಾಸೇಜಿನ ಪಟ್ಟಿಯನ್ನೇ ಓದಬೇಕು, ಹೆಚ್ಚಿನವುಗಳಲ್ಲಿ ಎರಡೂ ಇರುತ್ತವೆ. ಸಿಗದಿದ್ದರೆ ಕ್ಯಾರೆಟ್ಟನ್ನು ಇಡಿಯಾಗಿ ಬೇಯಿಸಿ, ಗ್ರಿಲ್ ಮಾಡಿ ಬನ್ನಿಗೆ ಇಡಿ, ಮೇಲೆ ಸಾವರ್‌ಕ್ರಾಟ್ ಅಥವಾ ಕೋಸಂಬರಿ.

ಮ್ಯಾನೇಜರ್ ಮನೆಗೆ ಹೋಗುವವರು ಅಲ್ಲಿ ಮೇಜಿನ ಮೇಲೆ ಇದ್ದದ್ದನ್ನು ಹಾಕಿಕೊಳ್ಳಿ. ಕೆಚಪ್ ಇಟ್ಟಿದ್ದಾರೆ ಅಂದರೆ ಹಾಕಿಕೊಳ್ಳಲಿ ಅಂತಲೇ ಇಟ್ಟಿರುತ್ತಾರೆ.

ಮೂವತ್ತು ಜನರ ಪಿಕ್ನಿಕ್ಕಿಗೆ ಹಳದಿ ಮಸ್ಟರ್ಡ್, ಕೆಚಪ್, ಹೆಚ್ಚಿದ ಈರುಳ್ಳಿ, ರೆಲಿಶ್, ಕರಿದ ಈರುಳ್ಳಿ ಡಬ್ಬಿ ಸಾಕು. ಕೋಲ್‌ಸ್ಲಾ, ಮೊಸರಿನ ಸಾಸ್ ತರುವುದಾದರೆ ಐಸ್ ಪೆಟ್ಟಿಗೆಯಲ್ಲೇ ಇರಲಿ. ಅಮೆರಿಕದ ಕೃಷಿ ಇಲಾಖೆಯ ಸಲಹೆ ಹೊರಗೆ ಎರಡು ಗಂಟೆ, 32 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಿನಲ್ಲಿ ಒಂದೇ ಗಂಟೆ. ಸಾಸೇಜ್ ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಹತ್ತು, ಬನ್ ಪ್ಯಾಕೆಟ್ಟಿನಲ್ಲಿ ಎಂಟು. ನಾಲ್ಕು ಪ್ಯಾಕೆಟ್ ಸಾಸೇಜಿಗೆ ಐದು ಪ್ಯಾಕೆಟ್ ಬನ್ ತಂದರೆ ಸರಿಹೋಗುತ್ತದೆ.

ಹಾಕುವಾಗ ಮಸ್ಟರ್ಡ್, ಚಿಲ್ಲಿಯಂಥ ಒದ್ದೆ ಸಾಮಾನು ಮೊದಲು, ಆಮೇಲೆ ಹೋಳುಗಳು, ಆಮೇಲೆ ಚೀಸ್, ಕೊನೆಗೆ ಉದುರಿಸುವ ಪುಡಿ. ಎಲ್ಲವೂ ಸಾಸೇಜಿನ ಮೇಲೆ ಬೀಳಬೇಕು, ಬನ್ನಿಗೆ ಸವರಬಾರದು. ಕೌನ್ಸಿಲ್‌ನವರ ಈ ನಿಯಮ ಮಾತ್ರ ಸರಿಯಾಗಿದೆ, ಬನ್ ಉಳಿಯುವುದು ಇದರಿಂದಲೇ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸಾಸೇಜನ್ನು ಉದ್ದಕ್ಕೆ ಸೀಳಿ, ಸಣ್ಣ ಚೂರು ಮಾಡಿಯೇ ಕೊಡಿ, ದುಂಡಗಿನ ಬಿಲ್ಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಸ್ಯಾಹಾರಿ ಸಾಸೇಜಿಗೆ ಗ್ರಿಲ್ ಮೇಲೆ ಫಾಯಿಲ್ ಹಾಸಿ, ಬೇರೆ ಇಕ್ಕಳ ಇಟ್ಟು, ಅದರ ಹಿಡಿಗೆ ಹಸಿರು ಟೇಪ್ ಸುತ್ತಿಬಿಡಿ. ಗ್ರಿಲ್ ಹತ್ತಿರ ಯಾರು ಬಂದು ನಿಂತರೂ ಅದಲುಬದಲಾಗುವುದಿಲ್ಲ.